ಇರ್ಲಿ ಬಿಡಿ, ಅಜ್ಜಯ್ಯನ ಕಾಲದ್ದು

ಆಯುಧ ಪೂಜೆಗೆ ಬೆಂಗಳೂರಿನಿಂದ ಬಂದಿದ್ದ ಚಿಕ್ಕಯ್ಯನ ಮಗ ಜಗಲಿಯಲ್ಲಿ ನಿಂತು ಗೋಡೆಯತ್ತ ಕತ್ತೆತ್ತಿದ. ಹಾರೆ, ಗುದ್ದಲಿ, ಕತ್ತಿ, ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಮಿಷನ್ನು, ಎರಡು ಬೈಕು, ಅವನದೇ ಕಾರು, ಇವೆಲ್ಲದರ ಜೊತೆಗೆ ಕೋವಿಗೂ ಕುಂಕುಮವಿಟ್ಟು ಚೆಂಡುಹೂ ಸಿಕ್ಕಿಸಿಯಾಗಿತ್ತು.

“ಅಣ್ಣಯ್ಯ, ಅಜ್ಜಯ್ಯನ ರೈಫಲ್ಲು ಹಿಂಗೆ ತುಕ್ಕು ಹಿಡಿಸಿ ಇಟ್ಟೀರಲ್ಲ. ರೆಸ್ಟೋರ್ ಮಾಡ್ಸಣ. ನಮ್ಮ ಹುಡುಗ್ರಿಗೆ ಒಂದು ಈಡು ಹೊಡ್ದು ತೋರಿಸ್ಬೇಕು” ಅಂದ.

ಕೂತವರೆಲ್ಲ ಹೌದೌದು ಅಂದರು. ಪೇಟೆಯ ಗ್ಯಾರೇಜಿನ ಹುಡುಗನಿಗೆ ಕೊಟ್ಟರೆ ಎರಡು ದಿನದ ಕೆಲಸ ಅಂದ ಒಬ್ಬ. ಎಮರಿ ಪೇಪರಿನಲ್ಲಿ ತಿಕ್ಕಿದರೆ ಬೆಳ್ಳಿ ಹಾಗೆ ಆಗುತ್ತದೆ ಅಂದ ಇನ್ನೊಬ್ಬ. ಹಿಡಿಗೆ ವಾರ್ನಿಶ್ ಹೊಡೆಯಬೇಕೆಂದು ಮತ್ತೊಬ್ಬ. ಲೈಸೆನ್ಸ್ ಯಾರ ಹೆಸರಲ್ಲಿದೆ ಅಂತ ಒಬ್ಬನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದು ಇದ್ದದ್ದು ದೊಡ್ಡಯ್ಯನ ಹೆಸರಲ್ಲಿ. ದೊಡ್ಡಯ್ಯ ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು.

ಅವತ್ತು ನಾನು ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ಇವತ್ತು ಬರೆಯುತ್ತಿದ್ದೇನೆ. ಬೈಗುಳ ಮೊದಲು ನನಗೆ, ಆಮೇಲೆ ನಿಮಗೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳೇ ಮನೆಗಳಲ್ಲಿ ಕೋವಿ ನೇತು ಹಾಕಿಕೊಂಡು ಕೂತಿರುವ ಎಲ್ಲ ಯಜಮಾನರಿಗೂ ಇದರಲ್ಲಿ ಪಾಲಿದೆ.

ನಮ್ಮಲ್ಲೊಂದು ಮಾತು ಇದೆ: ಇರ್ಲಿ ಬಿಡಿ, ಅಜ್ಜಯ್ಯನ ಕಾಲದ್ದು. ಸೋರುವ ಹಂಚಿಗೂ ಅದೇ ಮಾತು, ಪೌತಿ ಖಾತೆ ಮಾಡಿಸದೆ ಸತ್ತವರ ಹೆಸರಲ್ಲೇ ಉಳಿದ ಪಹಣಿಗೂ ಅದೇ ಮಾತು, ಕೋವಿಗೂ ಅದೇ. ಕೇಳಿದರೆ ಹಿರಿಯರ ಮೇಲಿನ ಭಕ್ತಿ ಅನ್ನಿಸಬೇಕು. ಭಕ್ತಿ ಇದ್ದಿದ್ದರೆ ವರ್ಷಕ್ಕೊಂದು ಸಲ ಕುಂಕುಮ ಮೆತ್ತಿ ಉಳಿದ ಮುನ್ನೂರ ಅರವತ್ತನಾಲ್ಕು ದಿನ ಜೇಡಕ್ಕೆ ಬಿಟ್ಟುಕೊಡುತ್ತಿರಲಿಲ್ಲ. ಆ ಕುಂಕುಮವನ್ನೂ ಒದ್ದೆ ಬೆರಳಿನಲ್ಲಿ ಇಡುತ್ತೇವೆ, ಮಾರನೇ ದಿನ ಒರೆಸುವುದಿಲ್ಲ. ನಮ್ಮ ಮನೆಯ ಕೋವಿಯ ನಳಿಗೆ ಮೇಲೆ ಸಾಲಾಗಿ ರೂಪಾಯಿ ಅಗಲದ ತುಕ್ಕಿನ ಕಲೆಗಳಿವೆ. ಒಂದೊಂದು ಕಲೆಯೂ ಒಂದೊಂದು ನವರಾತ್ರಿಯದ್ದು.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಚಪ್ಪಲಿಗೆ ಬೂಷ್ಟು ಬರುತ್ತದೆ, ಬೀಗ ತಿರುಗುವುದಿಲ್ಲ, ಬೆಂಕಿಪೆಟ್ಟಿಗೆ ಒಲೆಯ ಪಕ್ಕದಲ್ಲೇ ಇರಬೇಕು. ಹಳಬರಿಗೆ ಇದು ಗೊತ್ತಿತ್ತು. ಕೋವಿಯನ್ನು ಹೊಗೆ ಬರುವ ಕಡೆ, ಬೆಚ್ಚಗಿನ ಜಾಗದಲ್ಲಿ ಇಡುತ್ತಿದ್ದರು. ಈಡು ಹೊಡೆದ ದಿನವೇ ನಳಿಗೆಗೆ ಬಿಸಿನೀರು ಹೊಯ್ದು ಒಣಗಿಸಿ ಎಣ್ಣೆ ಬಟ್ಟೆ ಎಳೆಯುತ್ತಿದ್ದರು. ಕರಿಮದ್ದು ಸುಟ್ಟ ಮೇಲೆ ಉಳಿಯುವ ಮಸಿಯಲ್ಲಿ ಉಪ್ಪಿನ ಗುಣವಿದೆ, ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ. ಕೇಪಿನ ಉಳಿಕೆಯದ್ದೂ ಅದೇ ಬುದ್ಧಿ. ಬರೀ ಎಣ್ಣೆ ಅದನ್ನು ತೆಗೆಯುವುದಿಲ್ಲ, ನೀರೇ ತೆಗೆಯಬೇಕು. ಈಗ ನಾವು ಮಾಡುವುದೇನು? ಅಡುಗೆಮನೆಯ ಕೊಬ್ಬರಿ ಎಣ್ಣೆ ತಂದು ತುಕ್ಕಿನ ಮೇಲೇ ಬಳಿಯುತ್ತೇವೆ. ಡಿಸೆಂಬರಿನ ಚಳಿಗೆ ಅದು ಹೆಪ್ಪುಗಟ್ಟಿ, ತೇವವನ್ನೂ ಧೂಳನ್ನೂ ಒಳಗಿಟ್ಟುಕೊಂಡು ಕೂರುತ್ತದೆ. ಮಾಡಿದ್ದೇವೆ ಅನ್ನುವ ಸಮಾಧಾನ ನಮಗೆ, ನಳಿಗೆಗೆ ಕ್ಷಯ.

ಇನ್ನು ರೈಫಲ್ಲಿನ ವಿಷಯ. ಅದು ರೈಫಲ್ಲೇ ಅಲ್ಲ. ರೈಫಲ್ಲಿನ ನಳಿಗೆ ಒಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ, ಗುಂಡನ್ನು ತಿರುಗಿಸಿ ಬಿಡುವುದು ಅವು. ನಮ್ಮದರಲ್ಲಿ ಅಂಥದ್ದಿಲ್ಲ, ಒಳಗೆ ನುಣುಪು ಕೊಳವೆ. ಬಾಯಿಂದ ಮದ್ದು ಹಾಕಿ, ತೆಂಗಿನ ಕತ್ತ ತುರುಕಿ, ಗಜದಿಂದ ಜಡಿದು, ಚರೆ ಸುರಿದು, ಹಿಂದೆ ಕೇಪು ಕೂರಿಸಿ ಹೊಡೆಯುವ ಒಂಟಿ ನಳಿಗೆಯ ಕೇಪಿನ ಕೋವಿ. ಲೈಸೆನ್ಸಿನ ಪುಸ್ತಕದಲ್ಲಿ ‘ಎಸ್‌ಬಿಎಂಎಲ್’ ಅಂತ ಬರೆದಿರುತ್ತದಲ್ಲ, ಅದು. ಮಲೆನಾಡಿನ ಬಹುಪಾಲು ಮನೆಗಳಲ್ಲಿ ಇರುವುದು ಇದು, ಇಲ್ಲವೇ ಮುರಿದು ತೋಟೆ ಹಾಕುವ ಹನ್ನೆರಡು ಬೋರಿನ ತೋಟಾ ಕೋವಿ. ನಿಜವಾದ ಹಳೇ ರೈಫಲ್ಲು ಅಪರೂಪ. ಆದರೂ ನೆಂಟರ ಎದುರು ಎಲ್ಲವೂ ರೈಫಲ್ಲು, ಎಲ್ಲವೂ ‘ಟಿಪ್ಪು ಕಾಲದ್ದು’. ಟಿಪ್ಪು ಸತ್ತದ್ದು 1799ರಲ್ಲಿ. ತಾಮ್ರದ ಕೇಪು ಬಳಕೆಗೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಕಲ್ಲಿನ ಕಿಡಿಯ ಕೋವಿಯನ್ನು ಯಾರಾದರೂ ಆಮೇಲೆ ಕೇಪಿಗೆ ಬದಲಿಸಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಕೇಪಿನ ಕೋವಿಯನ್ನು ಟಿಪ್ಪುವಿನ ಲೆಕ್ಕಕ್ಕೆ ಬರೆಯುವವನು ಕೋವಿಯನ್ನೂ ನೋಡಿಲ್ಲ, ಟಿಪ್ಪುವನ್ನೂ ಓದಿಲ್ಲ. ವಸ್ತು ಯಾವುದೆಂದೇ ಗೊತ್ತಿಲ್ಲದೆ ಅದನ್ನು ಮೊದಲಿನ ಹಾಗೆ ಮಾಡಿಸುತ್ತೇವೆ ಅನ್ನುವವರು ಯಾವ ಮೊದಲಿನ ಬಗ್ಗೆ ಮಾತಾಡುತ್ತಿದ್ದಾರೆ?

ನಾನು ಯಾವಾಗ ಕಾನೂನಿನ ಮಾತು ಎತ್ತಿದರೂ ಯಾರಾದರೊಬ್ಬರು, “ಹಳೇ ಕೋವಿಗೆ ಲೈಸೆನ್ಸ್ ಬೇಡವಂತೆ ಮಾರಾಯ” ಅನ್ನುತ್ತಾರೆ. ಅರ್ಧ ಕೇಳಿಸಿಕೊಂಡವರು ಇವರು. 1959ರ ಆಯುಧ ಕಾಯ್ದೆಯ 45ನೇ ಕಲಂನಲ್ಲಿ ಹಾಗೊಂದು ವಿನಾಯಿತಿ ಇರುವುದು ಹೌದು. ಬಳಕೆ ತಪ್ಪಿದ ಮಾದರಿಯದ್ದು, ಪ್ರಾಚೀನ ವಸ್ತುವಾಗಿ ಬೆಲೆಯುಳ್ಳದ್ದು, ಕೆಟ್ಟುಹೋದದ್ದು, ಇಂಥವಕ್ಕೆ ಕಾಯ್ದೆ ತಾಗುವುದಿಲ್ಲ. ಆದರೆ ಅದೇ ಸಾಲಿನಲ್ಲಿ ಇನ್ನರ್ಧ ಇದೆ. ರಿಪೇರಿ ಮಾಡದಿದ್ದರೆ ಮಾತ್ರವಲ್ಲ, ರಿಪೇರಿ ಮಾಡಿದರೂ ಅದು ಕೋವಿಯಾಗಿ ಕೆಲಸಕ್ಕೆ ಬರುವಂತಿರಬಾರದು. ಈಗ ಚಿಕ್ಕಯ್ಯನ ಮಗನ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇದನ್ನು ಸರಿಮಾಡಿಸಿ ಈಡು ಹೊಡೆಯಬೇಕು ಅಂತ ಅವನು ಹೇಳಿದ್ದು. ಹೊಡೆಯಬಹುದು ಅಂತಾದರೆ ಆ ಕೋವಿ ವಿನಾಯಿತಿಯೊಳಗೆ ಬರುವುದೇ ಇಲ್ಲ, ತುಕ್ಕು ಎಷ್ಟೇ ಇರಲಿ. ಗೋಡೆಯ ಮೇಲೆ ಸುಮ್ಮನೆ ತೂಗುತ್ತಿದ್ದರೂ ಅದು ಬಂದೂಕವೇ. ಲೈಸೆನ್ಸ್ ಇಲ್ಲದೆ ಬಂದೂಕ ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ಮೇಲೆ ಎರಡರಿಂದ ಐದು ವರ್ಷ ಜೈಲು ಇದೆ.

ಲೈಸೆನ್ಸುದಾರ ಸತ್ತ ಮೇಲೆ ಕೋವಿ ತಾನಾಗಿಯೇ ಹಿರಿಯ ಮಗನದ್ದಾಗುವುದಿಲ್ಲ. ಗದ್ದೆ, ತೋಟ, ಹಂಡೆಯ ಹಾಗೆ ಪಾಲಿಗೆ ಹಾಕಿಕೊಳ್ಳುವ ವಸ್ತುವಲ್ಲ ಅದು. ಇಟ್ಟುಕೊಳ್ಳುವ ಹಕ್ಕು ತಪ್ಪಿದ ಕೂಡಲೇ ತಡಮಾಡದೆ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಬೇಕು, ಆಮೇಲೆ ವಾರಸುದಾರರು ಅರ್ಜಿ ಹಾಕಬೇಕು. 2016ರ ಆಯುಧ ನಿಯಮಗಳು ಇನ್ನೂ ಒಂದು ಸುಲಭದ ದಾರಿ ಕೊಟ್ಟಿವೆ. ಎಪ್ಪತ್ತು ತುಂಬಿದವರು, ಅಥವಾ 25 ವರ್ಷ ಕೋವಿ ಇಟ್ಟುಕೊಂಡವರು, ಬದುಕಿದ್ದಾಗಲೇ ಅದನ್ನು ವಾರಸುದಾರರಿಗೆ ದಾಟಿಸಲು ಅವಕಾಶವಿದೆ. ದೊಡ್ಡಯ್ಯ ಹೋಗುವಾಗ ಎಂಬತ್ತು ದಾಟಿತ್ತು. ನಿಯಮ ಬಂದ ಮೇಲೆ ಎಷ್ಟು ವರ್ಷ ಕಾಲಾವಕಾಶವಿತ್ತು, ನೀವೇ ಲೆಕ್ಕ ಹಾಕಿ. ಪ್ರತಿ ಸಲವೂ ‘ಅಡಿಕೆ ಕೊಯ್ಲು ಮುಗೀಲಿ, ಮಾಡ್ಸಣ’ ಅಂದೆವು. ಕೊಯ್ಲು ವರ್ಷಾ ವರ್ಷಾ ಮುಗಿಯಿತು.

“ಕೊಡಗಿನವರಿಗೆ ಇಲ್ಲದ ಕಾನೂನು ನಮಗೇಕೆ?” ಅನ್ನುವವರಿಗೆ ಎರಡೇ ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸರ್ಕಾರ ವಿನಾಯಿತಿ ಕೊಟ್ಟಿದೆ, ಸದ್ಯ ಅದು 2029ರವರೆಗೆ. ನಿಮಗೆ ಕೊಟ್ಟಿಲ್ಲ. ಬೇಕಿದ್ದರೆ ಕೇಳಿ ಪಡೆಯಿರಿ, ಅದು ಬೇರೆ ಹೋರಾಟ. ಅಲ್ಲಿಯವರು ತಮ್ಮ ಆಯುಧಗಳ ಹಬ್ಬವಾದ ಕೈಲ್‌ಪೊಳ್ದಿಗೆ ಕೋವಿಯನ್ನು ಇಳಿಸಿ ಉಜ್ಜಿ ಹೊಳಪು ಬರಿಸಿ ಆಮೇಲೆ ಹೂವಿಡುತ್ತಾರೆ ಅನ್ನುವುದೂ ನೆನಪಿರಲಿ.

ಈಗ ಗ್ಯಾರೇಜಿನ ಹುಡುಗನ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲಿ. ಕೋವಿ ರಿಪೇರಿ ಮಾಡುವುದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. ಅದಿಲ್ಲದೆ ರಿಪೇರಿಗೆ ಕೈಹಾಕಿದವನಿಗೆ ಅದೇ ಕಾಯ್ದೆಯಲ್ಲಿ ಈಗ ಕನಿಷ್ಠ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ. ತೋಟದ ಮೋಟಾರು, ಗೇಟು, ಟಿಲ್ಲರ್ ಸರಿಮಾಡಿಕೊಂಡು ಹೊಟ್ಟೆ ಹೊರೆಯುವ ಹುಡುಗ ಅವನು. ‘ಗೌಡ್ರು ಹೇಳಿದ್ರು, ಭಟ್ರು ಹೇಳಿದ್ರು’ ಅಂತ ಇಲ್ಲವೆನ್ನಲಾರದೆ ಕೋವಿಯ ಕುದುರೆಗೆ ಒಂದು ಸ್ಪ್ರಿಂಗು ಹಾಕಿ ಕೊಡುತ್ತಾನೆ, ಮುನ್ನೂರೋ ನಾನೂರೋ ತಗೊಳ್ಳುತ್ತಾನೆ. ನಾಳೆ ಕೇಸಾದರೆ ನಮಗೆ ವಕೀಲರಿದ್ದಾರೆ, ಶಿವಮೊಗ್ಗದಲ್ಲಿ ನೆಂಟರಿದ್ದಾರೆ, ಒಂದು ಫೋನು ಮಾಡಿದರೆ ಮಾತಾಡುವವರಿದ್ದಾರೆ. ಅವನಿಗೆ ಯಾರಿದ್ದಾರೆ? ನಮ್ಮ ಜಗಲಿಯ ಅಂದಕ್ಕೆ ಅವನ ಏಳು ವರ್ಷವನ್ನು ಪಣಕ್ಕಿಡುವ ಅಧಿಕಾರ ನಮಗೆ ಯಾರು ಕೊಟ್ಟರು?

ಅವನ ಹಿಂದೆಯೇ ಇನ್ನೊಬ್ಬ ನಿಂತಿದ್ದಾನೆ, ಆಳು. ಗದ್ದೆಗೆ ಹಂದಿ ಬಿದ್ದಿದೆ ಅಂತಾದರೆ ಹಾಸಿಗೆಯಲ್ಲೇ ಹೊರಳಿ, “ಹೋಗಿ ಒಂದು ಈಡು ಹೊಡ್ಕಂಡು ಬಾರಾ” ಅನ್ನುವ ಯಜಮಾನರನ್ನು ನಾನು ನೋಡಿದ್ದೇನೆ. ಲೈಸೆನ್ಸ್ ಇರುವುದು ಯಜಮಾನನಿಗೆ, ಅದೂ ಬೆಳೆ ರಕ್ಷಣೆಗೆ. ಆಳಿಗೆ ಕೊಟ್ಟು ಕಳಿಸಲು ಅಲ್ಲ. ಕತ್ತಲೆ, ಹಳು, ಮಳೆ ಹನಿ, ಅಲ್ಲಾಡುವ ಪೊದೆ. ಹಂದಿ ಅಂತ ಹೊಡೆದದ್ದು ಹಂದಿಯಾಗಿರಲಿಲ್ಲ ಅನ್ನುವ ಸುದ್ದಿ ಮಲೆನಾಡಿಗೆ ಹೊಸದಲ್ಲ. ಹೊಡೆದವನೂ ಬಿದ್ದವನೂ ಇಬ್ಬರೂ ಬಡವರಾದರೆ ಅದು ಊರಿನ ಬಾಯಲ್ಲಿ ‘ಗ್ರಹಚಾರ’. 1972ರ ವನ್ಯಜೀವಿ ಕಾಯ್ದೆ ಬಂದು ಅರ್ಧ ಶತಮಾನ ದಾಟಿತು, ಶಿಕಾರಿಯ ಕಾಲ ಮುಗಿಯಿತು. ಆದರೂ ಸೋವಿ ಹೋದದ್ದು, ಕಂಡಿಗೆ ಕೂತದ್ದು, ಅಜ್ಜಯ್ಯ ಒಂದೇ ಈಡಿಗೆ ಮಲಗಿಸಿದ್ದು ಎಂದು ಮಕ್ಕಳೆದುರು ಹೇಳುವಾಗ ನಮ್ಮ ಕಣ್ಣು ಹೊಳೆಯುವುದು ನಿಂತಿಲ್ಲ. ಕತೆ ಹೇಳಿ, ಬೇಡ ಅನ್ನುವುದಿಲ್ಲ. ‘ಮಲೆನಾಡಿನ ಚಿತ್ರಗಳು’ ಬರೆದ ಕುವೆಂಪು ಅವರೂ ಶಿಕಾರಿಯ ಕತೆ ಹೇಳಿದವರೇ. ಆದರೆ ಕತೆಗೆ ಸಾಕ್ಷಿಯಾಗಿ ಕೋವಿಯನ್ನು ಹೊಡೆಸಿ ತೋರಿಸಬೇಕಾಗಿಲ್ಲ.

2023ರ ಅಕ್ಟೋಬರಿನಲ್ಲಿ ಅದೇ ವನ್ಯಜೀವಿ ಕಾಯ್ದೆಯಡಿ ಹುಲಿಯುಗುರು ಧರಿಸಿದವರ ಗಲಾಟೆ ಟಿವಿಯಲ್ಲಿ ಬಂತಲ್ಲ, ಆಗ ಎಷ್ಟೋ ಮನೆಗಳ ಜಗಲಿಯಿಂದ ಜಿಂಕೆ ಕೊಂಬುಗಳು ರಾತ್ರೋರಾತ್ರಿ ಅಟ್ಟ ಸೇರಿದವು. ಕೊಂಬಿನ ಮೇಲೆ ಕೂತಿದ್ದ ಕೋವಿ ಎರಡು ಮೊಳೆಗೆ ವರ್ಗವಾಯಿತು. ಕಾನೂನು ಟಿವಿಯಲ್ಲಿ ಬಂದರೆ ಮಾತ್ರ ನಮಗದು ಕಾನೂನು. ವಾರ ಕಳೆದರೆ ಮತ್ತೆ ‘ಇರ್ಲಿ ಬಿಡಿ’.

ಕಾಗದ ಎಲ್ಲ ಸರಿಯಿದೆ, ಹಕ್ಕೂ ಇದೆ ಅಂತಲೇ ಇಟ್ಟುಕೊಳ್ಳಿ. ಆಗಲಾದರೂ ಮಾಡಿಸಿ ಹೊಡೆಯಬಹುದೆ? ಹಳೇ ತೋಟಾ ಕೋವಿಗಳ ನಳಿಗೆಯ ಮೇಲೆ ಚಾಪೆ ಹೆಣೆದ ಹಾಗೆ, ಮರದ ಎಳೆಯ ಹಾಗೆ ಗೆರೆಗೆರೆಯ ಚಿತ್ತಾರ ಕಂಡಿದ್ದರೆ ನಿಲ್ಲಿ. ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ತಿರುಚಿ, ಸರಳಿಗೆ ಹಗ್ಗದ ಹಾಗೆ ಸುತ್ತಿ, ಕಾಸಿ ಬಡಿದು ಬೆಸೆದದ್ದು. ನೋಡಲು ಬಹಳ ಚೆಂದ. ಆದರೆ ಅಡಿಯಿಂದ ಮುಡಿವರೆಗೆ ಬೆಸುಗೆಯೇ, ಎಲ್ಲಿ ಒಳಗೊಳಗೇ ತುಕ್ಕು ನುಗ್ಗಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಇವುಗಳಲ್ಲಿ ಬಹಳಷ್ಟನ್ನು ಪರೀಕ್ಷಿಸಿ ಮುದ್ರೆ ಒತ್ತಿದ್ದು ಕರಿಮದ್ದಿನ ಒತ್ತಡಕ್ಕೆ. ಈಗ ಅಂಗಡಿಯಲ್ಲಿ ಸಿಗುವ ತೋಟೆಯೊಳಗಿರುವುದು ಹೊಗೆಯಿಲ್ಲದ ನೈಟ್ರೊ ಮದ್ದು. ಅದರ ಒತ್ತಡದ ರೀತಿಯೇ ಬೇರೆ. ತೋಟೆ ಕೂರುವ ಮನೆಯ ಉದ್ದವೂ ಹಳೆಯದರಲ್ಲಿ ಎಷ್ಟೋ ಸಲ 65 ಮಿಲಿಮೀಟರ್, ಹೊಸ ತೋಟೆಗಳಲ್ಲಿ ಬಹಳಷ್ಟು 70. ಒಳಗೆ ಕೂರುತ್ತದೆ, ಬಾಗಿಲೂ ಮುಚ್ಚುತ್ತದೆ. ಮೋಸ ಇರುವುದೇ ಅಲ್ಲಿ. ಹೊಡೆದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಳಿಗೆ ಒಡೆಯುವುದು ಸಾಮಾನ್ಯವಾಗಿ ಹಿಂಬದಿಯಲ್ಲಿ, ಅಂದರೆ ಎಡಗೈ ಹಿಡಿದಿರುವ ಕಡೆ, ಕೆನ್ನೆ ಒತ್ತಿರುವ ಕಡೆ.

ಬರ್ಮಿಂಗ್‌ಹ್ಯಾಮಿನಲ್ಲಿ ನಳಿಗೆ ಪರೀಕ್ಷಿಸಲೆಂದೇ 1813ರಿಂದ ಪ್ರೂಫ್ ಹೌಸ್ ಇದೆ. ನಳಿಗೆಗೆ ಬೇಕೆಂದೇ ಹೆಚ್ಚಿನ ಮದ್ದು ತುಂಬಿ ಹೊಡೆದು, ತಡೆದುಕೊಂಡದ್ದಕ್ಕೆ ಮಾತ್ರ ಮುದ್ರೆ. ನಿಮ್ಮ ಕೋವಿ ಎಲ್ಲಿಯದು, ಯಾವ ಮದ್ದಿಗೆ ಪಾಸಾದದ್ದು ಅಂತ ಹೇಳುವ ಜಾತಕ ಆ ಪುಟ್ಟ ಮುದ್ರೆಗಳೇ. ‘ಬೆಳ್ಳಿ ಹಾಗೆ ಆಗುತ್ತದೆ’ ಅಂದನಲ್ಲ ನಮ್ಮ ಜಗಲಿಯ ಪಂಡಿತ, ಅವನ ಎಮರಿ ಪೇಪರು ಮೊದಲು ಅಳಿಸುವುದು ಅದನ್ನೇ. ಆಮೇಲೆ ಅದು ಹೊಳೆಯುವ ಕಬ್ಬಿಣದ ಕೊಳವೆ, ಅಷ್ಟೇ. ಹಳೇ ವಸ್ತು ಬಲ್ಲವರು ಅದಕ್ಕೆ ಕವಡೆ ಕಿಮ್ಮತ್ತೂ ಕೊಡುವುದಿಲ್ಲ.

ಹೊಸನಗರ ತಾಲ್ಲೂಕಿನ ನಗರದಲ್ಲಿ, 1763ರಲ್ಲಿ ಹೈದರಾಲಿ ಕೆಳದಿಯವರಿಂದ ಗೆದ್ದುಕೊಂಡ ಆ ಬಿದನೂರಿನಲ್ಲಿ, 2018ರಲ್ಲಿ ಒಂದು ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಮೈಸೂರಿನವರು ಇಂಗ್ಲಿಷರ ಮೇಲೆ ಬಿಟ್ಟಂಥವು. ಪುರಾತತ್ವ ಇಲಾಖೆಯವರು ಮಣ್ಣು ಬಿಡಿಸಿ ತೆಗೆದರು, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯಕ್ಕೆ ಒಯ್ದರು. ಹೋದವರು ನೋಡುತ್ತಾರೆ, ಬೆರಗಾಗುತ್ತಾರೆ. ‘ಒಂದಕ್ಕೆ ಬತ್ತಿ ಇಟ್ಟು ಹುಡುಗರಿಗೆ ಹಾರಿಸಿ ತೋರಿಸಣ’ ಅಂತ ಯಾರೂ ಕೇಳಲಿಲ್ಲ. ಕುಪ್ಪಳಿಯ ಕವಿಮನೆಗೆ ಹೋಗಿ ಬಂದಿರುತ್ತೀರಿ. ಮಲೆನಾಡಿನ ಹಳೇ ಪಾತ್ರೆ ಪಗಡಿ, ಸಲಕರಣೆಗಳನ್ನು ಎಷ್ಟು ಒಪ್ಪವಾಗಿ ಇಟ್ಟಿದ್ದಾರೆ. ಆ ಒನಕೆಯಿಂದ ಯಾರೂ ಭತ್ತ ಕುಟ್ಟುವುದಿಲ್ಲ, ಹಾಗಂತ ಅದಕ್ಕೆ ಮರ್ಯಾದೆ ಕಡಿಮೆಯಾಗಿಲ್ಲ. ಅಲ್ಲಿ ಕೈಕಟ್ಟಿ ನಿಂತು ನೋಡುವ ನಾವು ಮನೆಗೆ ಬಂದ ಕೂಡಲೇ ಕೋವಿಯೊಂದನ್ನು ಮಾತ್ರ ಗುಂಡು ಹಾರಿಸಿದರೇ ಜೀವ ಬಂತು ಅಂದುಕೊಳ್ಳುತ್ತೇವೆ.

ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಹೊಡೆಯಲಿಕ್ಕೆಂದು ಹಳೇ ಕೋವಿ ಮಾಡಿಸಬೇಡಿ. ಮಂಗ, ಹಂದಿ ಕಾಟಕ್ಕೆ ಕೋವಿ ಬೇಕೇ ಬೇಕು ಅನ್ನುವವರು, ಅದು ನಿಜವಾದ ಕಷ್ಟವೇ, ಲೈಸೆನ್ಸ್ ಮಾಡಿಸಿ ಹೊಸ ಕೋವಿ ತಗೊಳ್ಳಿ. ಹಳೆಯದನ್ನು ಉಳಿಸಿಕೊಳ್ಳುವುದಾದರೆ ಕಾಗದ ಮೊದಲು, ಎಣ್ಣೆ ಆಮೇಲೆ. ಎಣ್ಣೆ ಅಂದರೆ ತೆಳ್ಳಗಿನ ಮಿಷನ್ ಎಣ್ಣೆ, ಮೆತ್ತನೆ ಬಟ್ಟೆ, ತುಕ್ಕು ಮುಂದೆ ಹಬ್ಬದಷ್ಟು ಮಾತ್ರ. ಕಂದು ಬಣ್ಣ ಹಾಗೇ ಇರಲಿ. ಅದಕ್ಕಿಂತ ಹೆಚ್ಚಿನ ಕೆಲಸವಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ. ಉಳಿಸಿಕೊಳ್ಳಲು ಮನಸ್ಸಿಲ್ಲ, ಪುರುಸೊತ್ತೂ ಇಲ್ಲ ಅಂದರೆ ಒಪ್ಪಿಸಿಬಿಡಿ. ಅದರಲ್ಲಿ ಅವಮಾನವೇನೂ ಇಲ್ಲ.

ಆದರೆ ಇದಕ್ಕೆಲ್ಲ ಮುಂಚೆ ಮಾಡಬೇಕಾದದ್ದು ಒಂದಿದೆ, ನಾನು ಆಯುಧ ಪೂಜೆಯ ಮಾರನೇ ದಿನ ಮಾಡಿದೆ. ಮಕ್ಕಳನ್ನು ದೂರ ಕಳಿಸಿ ಕೋವಿ ಇಳಿಸಿದೆ. ಕೇಪು ಇಲ್ಲ ಅಂತ ಮೊದಲು ನೋಡಿಕೊಂಡೆ. ಬಾಯನ್ನು ಖಾಲಿ ಅಂಗಳದ ಕಡೆ ತಿರುಗಿಸಿ, ಗಜವನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ನಿಧಾನ ಇಳಿಸಿ, ಬಾಯಿಯ ಹತ್ತಿರ ಉಗುರಿನಿಂದ ಗುರುತು ಮಾಡಿ, ತೆಗೆದು ನಳಿಗೆಯ ಹೊರಮೈಗೆ ಹಿಡಿದೆ. ಖಾಲಿ ಇದ್ದಿದ್ದರೆ ಗಜದ ತುದಿ ಕೇಪು ಕೂರುವ ಜಾಗದವರೆಗೆ ಬರಬೇಕಿತ್ತು. ನಾಲ್ಕು ಬೆರಳು ಮೊದಲೇ ನಿಂತಿತು.

ಒಳಗೆ ಏನೋ ಇದೆ. ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರಬಹುದು, ಗೋಡೆಯ ಮೇಲಿನ ನಳಿಗೆ ಅಂದರೆ ಅದಕ್ಕೆ ಅರಮನೆ. ಅಥವಾ ಯಾವುದೋ ವರ್ಷದ ಹಂದಿ ಕಾವಲಿಗೆ ತುಂಬಿ, ಹೊಡೆಯದೆ, ಹಾಗೇ ತಂದು ತೂಗುಹಾಕಿದ ಈಡು. ಕರಿಮದ್ದು ಎಷ್ಟು ದಶಕ ಕಳೆದರೂ ಒಣಗಿದ್ದರೆ ಸಾಯುವುದಿಲ್ಲ. ಯಾವುದೆಂದು ಹೇಳಬಲ್ಲ ದೊಡ್ಡಯ್ಯ ಇಲ್ಲ. ಹಿಂದಿನ ದಿನ ಅದರ ಬಾಯಿಗೆ ಚೆಂಡುಹೂ ಸಿಕ್ಕಿಸಿದ್ದು ನಾನೇ. ಅದರ ನೇರಕ್ಕೆ ಹಾಸಿದ್ದ ಚಾಪೆಯ ಮೇಲೆ ಐದು ಮಕ್ಕಳು ಎಲೆ ಹಾಕಿಕೊಂಡು ಪಾಯಸ ಉಂಡಿದ್ದರು.

ಠಾಣೆಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅವರು ಹೇಳಿದ ಹಾಗೆ ಒಪ್ಪಿಸಿ ಬಂದೆ. ಒಳಗೆ ಏನೋ ಇದೆ, ತುಂಬಿದೆ ಅಂತಲೇ ತಿಳಿದುಕೊಳ್ಳಿ ಅಂತ ಎರಡು ಸಲ ಹೇಳಿದೆ. ರಸೀದಿ ಕೊಟ್ಟರು. ತಡ ಯಾಕಾಯಿತು ಅಂತ ಕೇಳಿದರು, ಉತ್ತರ ನನ್ನ ಹತ್ತಿರ ಇರಲಿಲ್ಲ. ಅಡಿಕೆ ಕೊಯ್ಲು ಅಂತ ಹೇಳಲಿಕ್ಕೆ ನಾಚಿಕೆಯಾಯಿತು.

ಈಗ ವಾರಸುದಾರರ ಅರ್ಜಿ ಹಾಕಬೇಕು. ಒಬ್ಬರ ಹೆಸರಿಗೆ ಮಾಡಿಸಲು ಉಳಿದವರೆಲ್ಲ ತಕರಾರಿಲ್ಲ ಅಂತ ಬರೆದುಕೊಡಬೇಕು. ದೊಡ್ಡಮ್ಮ ಕನ್ನಡಕ ಹುಡುಕಿ ತಂದು ಅವತ್ತೇ ಸಹಿ ಹಾಕಿದರು. ಅವರ ಮಗಳು ಸಾಗರದಿಂದ ಬಸ್ಸಿನಲ್ಲಿ ಬಂದು ಹಾಕಿ ಹೋದಳು. ಮಗ ಮಂಗಳೂರಿನಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ. ಅಜ್ಜಯ್ಯನಿಂದ ಬಂದದ್ದು, ನಾಳೆ ತಂಟೆ ಬೇಡ ಅಂತ ಚಿಕ್ಕಯ್ಯನ ಕಡೆಯಿಂದಲೂ ಬರೆಸಿಕೊಳ್ಳೋಣ ಅಂದುಕೊಂಡೆವು. ರೆಸ್ಟೋರ್ ಮಾಡ್ಸಣ ಅಂದವನಿಗೆ ಮೂರು ಸಲ ಫೋನು ಮಾಡಿದೆ. “ಈ ವಾರ ಸ್ವಲ್ಪ ಟೈಟು ಅಣ್ಣಯ್ಯ, ಮುಂದಿನ ವಾರ ಮಾಡ್ಸಣ” ಅಂದ. ಅವನದೊಂದು ಸಹಿ ಇನ್ನೂ ಬಂದಿಲ್ಲ.